ಟ್ರೇಲರ್ ಕಟ್ಟಿದ ಬೆಳಿಗ್ಗೆ

ಬೀಟ್‌ಗೆಡ್ಡೆಯ ಕಟಾವು ಮುಗಿದ ಮರುದಿನ ಮಾವಿಸ್ ಎದ್ದಾಗ ಬೆರಳುಗಳು ಮಡಚಲೇ ಇಲ್ಲ. ಹದಿನಾಲ್ಕು ದಿನ, ದಿನಕ್ಕೆ ಹನ್ನೆರಡು ಗಂಟೆ, ಗೆಡ್ಡೆ ರಾಶಿ ಹಾಕುವ ಯಂತ್ರದ ಬುಡದಲ್ಲಿ ನಿಂತು ಉದುರಿದ ಮಣ್ಣನ್ನು ಸಲಿಕೆಯಿಂದ ಬಳಿದಿದ್ದಳು. ಗಂಡ ಡೆಲ್‌ನದು ಇನ್ನೂ ಕಷ್ಟ. ಕೊನೆಯ ವಾರ ಕೆಸರಿನಲ್ಲಿ ಜಾರಿ ಬಲಭುಜ ಉಳುಕಿಸಿಕೊಂಡಿದ್ದ. ತೋಳನ್ನು ಕೊರಳಿಗೆ ಕಟ್ಟಿಕೊಂಡೇ ಉಳಿದ ದಿನಗಳನ್ನು ದುಡಿದಿದ್ದ. ನೋವಿಗೆ ನಿದ್ದೆ ಮಾತ್ರ ಹತ್ತಿರ ಸುಳಿದಿರಲಿಲ್ಲ.

ಅಮೆರಿಕದ ಉತ್ತರ ಡಕೋಟಾದ ಆ ಬಯಲಿನಲ್ಲಿ ಕೆಲಸಗಾರರು ಬೀಡುಬಿಟ್ಟಿದ್ದ ಜಾಗದಲ್ಲಿ ಈಗ ಉಳಿದದ್ದು ಇವರು ವಾಸವಿದ್ದ ಗಾಲಿಮನೆ, ಆ ಟ್ರೇಲರ್ ಒಂದೇ. ಜಾಗ ನೋಡಿಕೊಳ್ಳುವ ಗುನ್ನಾರ್ ಬಂದು ಬಾಗಿಲು ಬಡಿದ.

“ಹನ್ನೆರಡಕ್ಕೆ ನೀರು ನಿಲ್ಲಿಸ್ತೀನಮ್ಮ. ನಾಳೆ ಹಿಮ ಬೀಳುತ್ತಂತೆ. ಪೈಪು ಒಡೆದ್ರೆ ನನ್ನ ತಲೆ ಹೋಗುತ್ತೆ.”

“ಹೊರಟ್ವಿ ಕಣಪ್ಪ. ಇಲ್ಲೇ ಬೇರು ಬಿಡೋಕೆ ನಾವೇನು ಬೀಟ್‌ಗೆಡ್ಡೆನಾ?”

ಗುನ್ನಾರ್ ನಕ್ಕು ಹೋದ. ಮಾವಿಸ್‌ಗೆ ನಗು ಬರಲಿಲ್ಲ. ಒಂಬತ್ತು ವರ್ಷದಿಂದ ಪಿಕಪ್ಪಿಗೆ ಟ್ರೇಲರ್ ಕಟ್ಟುತ್ತಿದ್ದವನು ಡೆಲ್. ಹಿಂದೆ ನಿಂತು ‘ಬಾ, ಬಾ, ಸಾಕು’ ಎಂದು ಕೈಯಾಡಿಸುವುದಷ್ಟೇ ಅವಳ ಪಾಲು. ಇವತ್ತು ಅವನು ಬೋರಲು ಹಾಕಿದ ಬಕೆಟ್ ಮೇಲೆ ಕೂತು ಹೇಳಬೇಕು, ಅವಳು ಮಾಡಬೇಕು.

ನಾಲ್ಕನೇ ಸಲ ಹಿಂದೆ ತಂದಾಗ ಪಿಕಪ್ಪಿನ ಹಿಂದಿನ ಕಬ್ಬಿಣದ ಗುಂಡು, ಅದನ್ನು ಕಚ್ಚಿಕೊಳ್ಳುವ ಟ್ರೇಲರಿನ ಮೂತಿಯ ಕೆಳಗೆ ಸರಿಯಾಗಿ ಬಂತು. ಜಾಕ್ ತಿರುಗಿಸಿ ಮೂತಿಯನ್ನು ಗುಂಡಿನ ಮೇಲೆ ಕೂರಿಸಿದಳು.

“ಈಗ ಸರಳು ಹಾಕು,” ಎಂದ ಡೆಲ್.

ಎರಡು ಉಕ್ಕಿನ ಸರಳುಗಳು, ಒಂದೊಂದರ ತುದಿಗೂ ಟ್ರೇಲರಿಗೆ ಬಿಗಿಯುವ ಸರಪಳಿ. ಅವಿಲ್ಲದಿದ್ದರೆ ಟ್ರೇಲರಿನ ಭಾರವೆಲ್ಲ ಪಿಕಪ್ಪಿನ ಹಿಂಭಾಗವನ್ನು ಒತ್ತಿ, ಮುಂದಿನ ಚಕ್ರಗಳಿಗೆ ರಸ್ತೆಯ ಹಿಡಿತ ತಪ್ಪುತ್ತದೆ. ಈ ಬಯಲಿನ ಅಡ್ಡಗಾಳಿಯಲ್ಲಿ ಅದು ಹುಡುಗಾಟವಲ್ಲ. ಸರಳುಗಳ ಇನ್ನೊಂದು ತುದಿಯನ್ನು ಗುಂಡಿನ ಕೆಳಗಿನ ಗೂಡಿಗೆ ಸಿಕ್ಕಿಸುವಷ್ಟರಲ್ಲಿ ಅವಳ ಸೊಂಟ ಸೋತಿತು.

“ಇನ್ನು ಜಾಕ್ ಏರಿಸು. ಪಿಕಪ್ಪಿನ ಹಿಂಭಾಗಾನೂ ಜೊತೆಗೇ ಏಳುತ್ತೆ. ಸರಳಿನ ಸರಪಳಿ ಟ್ರೇಲರಿನ ಕೊಂಡಿಗೆ ಹಾಕೋದು ಆಗ ಹಗುರ.”

ತಿರುಗಿಸಿದಳು. ಪಿಕಪ್ ಮೊದಲು ಎದ್ದಂತೆ ಕಂಡಿತು, ಆಮೇಲೆ ನಿಂತುಬಿಟ್ಟಿತು. ಮೂತಿ ಮಾತ್ರ ಏಳುತ್ತಲೇ ಇತ್ತು. ಬಗ್ಗಿ ನೋಡಿದಳು. ಗುಂಡಿಗೂ ಮೂತಿಗೂ ನಡುವೆ ಬೆರಳು ತೂರುವಷ್ಟು ಸಂದು, ಅದರಾಚೆ ಬೆಳಕು.

“ಡೆಲ್, ಇದು ಗುಂಡನ್ನ ಹಿಡ್ಕೊಂಡೇ ಇಲ್ಲ.”

“ಮೂತಿಯ ಚಿಲಕ ಹಾಕಿದ್ಯಾ?”

“ನೀನು ಹೇಳಿದ್ಯಾ?”

“ಹೇಳ್ದೆ ಮಾರಾಯ್ತಿ! ಒಂಬತ್ತು ವರ್ಷದಿಂದ ಮಾಡ್ತಿರೋ ಕೆಲ್ಸ. ನಿನಗೆ ಕೇಳಿಸ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?”

ಅವಳು ಜಾಕಿನ ಹಿಡಿ ಬಿಟ್ಟಳು. ಟ್ರೇಲರಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಾಳಿ ಬೀಸುತ್ತಿತ್ತು. ಡೆಲ್ ಬಕೆಟ್ಟಿನಿಂದ ಎದ್ದು ಬಂದು, ಬಗ್ಗಿ ಆ ಸಂದನ್ನು ನೋಡಿದ.

“ಹೇಳಿರ್ಲಿಲ್ಲ, ಅಲ್ವಾ?” ಡೆಲ್‌ನ ದನಿ ಇಳಿದಿತ್ತು.

“ಇಲ್ಲ.”

“ತಲೆಯೊಳಗೆ ಹೇಳಿದ್ದೆ ಅನ್ಸುತ್ತೆ. ಹೊರಗೆ ಬರ್ಲಿಲ್ಲ. ದಾರೀಲಿ ಕಳಚ್ಕೊಂಡಿದ್ರೆ, ಮಾವಿಸ್...”

“ಕಳಚ್ಕೊಂಡಿಲ್ವಲ್ಲ. ಬಿಡು.”

ಒಳಗೆ ಹೋಗಿ ಕಾಫಿ ಮಾಡಿದಳು. ಚಮಚದ ಡ್ರಾಯರಿನ ತಳದಲ್ಲಿ ಈ ಗುಂಡು, ಸರಳುಗಳ ಜೊತೆ ಬಂದಿದ್ದ ಪುಸ್ತಿಕೆ ಸಿಕ್ಕಿತು; ಒಂಬತ್ತು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. ಕನ್ನಡಕ ಏರಿಸಿಕೊಂಡು ಹೊರಗೆ ಬಂದಳು.

“ಮೊದಲಿಂದ ಮಾಡೋಣ. ನಾನು ಗಟ್ಟಿಯಾಗಿ ಓದ್ತೀನಿ. ಮುಗಿದಿದ್ದನ್ನ ನೀನು ನೋಡಿ, ಆಯ್ತು ಅನ್ನು. ಅಲ್ಲೀವರೆಗೂ ಮುಂದಕ್ಕೆ ಹೋಗಲ್ಲ.”

ಸರಳುಗಳನ್ನು ಕಿತ್ತು ಪಕ್ಕಕ್ಕಿಟ್ಟಳು. ಟ್ರೇಲರಿನ ಚಕ್ರಗಳಿಗೆ ಕೊಟ್ಟಿದ್ದ ಅಡೆಗಳನ್ನು ಒದ್ದು ನೋಡಿದಳು. ಮೂತಿ ಇಳಿಸಿ, ಚಿಲಕ ಒತ್ತಿ, ಅದಕ್ಕೆ ಪಿನ್ನು ತೂರಿಸಿದಳು. ಡೆಲ್ ಮಂಡಿಯೂರಿ, ಎಡಗೈಯಿಂದ ಮುಟ್ಟಿ ನೋಡಿ, “ಆಯ್ತು,” ಎಂದ. ಸರಳುಗಳು ಮತ್ತೆ ಗೂಡು ಸೇರಿದವು. ಈ ಸಲ ಜಾಕ್ ಏರಿದಂತೆಲ್ಲ ಪಿಕಪ್ಪಿನ ಹಿಂಭಾಗವೂ ಕಿರುಗುಟ್ಟುತ್ತಾ ಎದ್ದಿತು.

ಸರಳಿನ ಸರಪಳಿಯನ್ನು ಕೊಂಡಿಗೆ ಸಿಕ್ಕಿಸಿ, ಉದ್ದನೆಯ ಪೈಪಿನಿಂದ ಕೊಂಡಿಯನ್ನು ಮೇಲಕ್ಕೆ ಮೀಟಬೇಕಿತ್ತು. ಅರ್ಧಕ್ಕೆ ಹೋಗಿ ನಿಂತಿತು.

“ಮೆಲ್ಲಗೆ ಇಳಿಸು. ಪಕ್ಕಕ್ಕೆ ನಿಲ್ಲು, ಕೈ ಜಾರಿದ್ರೆ ಪೈಪು ಮುಖಕ್ಕೇ ಬಡಿಯುತ್ತೆ. ಬಲ ಹಾಕ್ಬೇಡ. ಜಾಕ್ ಇನ್ನೂ ಸ್ವಲ್ಪ ಏರಿಸು.”

ಏರಿಸಿದ ಮೇಲೆ ಎರಡೂ ಕಡೆಯ ಕೊಂಡಿಗಳು ತಕರಾರಿಲ್ಲದೆ ಮೇಲೆದ್ದವು. ಅವಕ್ಕೂ ಪಿನ್ನು ಬಿತ್ತು. ಜಾಕ್ ಪೂರ್ತಿ ಮೇಲೆತ್ತಿ, ಮೂತಿ ಕಳಚಿದರೂ ಹಿಡಿದಿಡುವ ಕಾವಲು ಸರಪಳಿಗಳನ್ನು ಅದರ ಕೆಳಗೆ ಕತ್ತರಿಯಾಗಿ ಹಾಯಿಸಿ, ಬ್ರೇಕಿನ ತಂತಿ, ದೀಪದ ವೈರು ಎಲ್ಲ ಸಿಕ್ಕಿಸಿದ್ದಾಯಿತು. ಡೆಲ್ ಟೇಪು ಹಿಡಿದು ಪಿಕಪ್ಪಿನ ಮುಂದಿನ ಚಕ್ರದ ಮೇಲಿನ ಅಂಚು ನೆಲದಿಂದ ಎಷ್ಟಿದೆ ಎಂದು ಅಳೆದ. “ಟ್ರೇಲರ್ ಕಟ್ಟೋ ಮುಂಚೆ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ ಇದೆ. ಇನ್ನು ಅಡೆ ತೆಗಿ.”

ಹನ್ನೆರಡೂವರೆಯಾಗಿತ್ತು. ಗುನ್ನಾರ್ ಗೇಟು ತೆರೆದು ನಿಂತಿದ್ದ.

ಮಾವಿಸ್ ಹತ್ತು ಮೈಲಿ ಓಡಿಸಿ, ರಸ್ತೆ ಬದಿಯ ಧಾನ್ಯದ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿದಳು. ಇಳಿದು ಚಿಲಕ, ಪಿನ್ನು, ಸರಪಳಿ ಒಂದೊಂದನ್ನೂ ಮುಟ್ಟಿ ನೋಡಿದಳು. ಎಲ್ಲ ಬಿಗಿಯಾಗಿತ್ತು. ವಾಪಸು ಬಂದಾಗ ಡೆಲ್ ಗಾಜಿಗೆ ಹಣೆಯಾನಿಸಿ ಬಾಯಿ ತೆರೆದು ಮಲಗಿಬಿಟ್ಟಿದ್ದ. ಅವಳ ಕಣ್ಣೂ ಎಳೆಯುತ್ತಿತ್ತು. ಮುಂದಿನ ಊರಿನಲ್ಲೇ ಇವತ್ತಿನ ಬಿಡಾರ ಎಂದು ನಿಶ್ಚಯಿಸಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.