ನೀರು ತರಲು ಹೋದವನು

ಕನ್ನಡಕದಂಗಡಿಯ ಅಕ್ಕ ತನ್ನ ತಂಗಿಯ ಗಂಡನಿಗೆ ಬಿಟ್ಟಿ ಕನ್ನಡಕ ಮಾಡಿಕೊಟ್ಟಳು ಅಂದರೆ ಯಾರಾದರೂ ನಂಬುವ ಮಾತೇ? ಅವನ ಹೆಸರೆತ್ತಿದರೆ ಅವಳಿಗೆ ಮೈಯೆಲ್ಲ ಉರಿ. ಆದರೂ ಕಳೆದ ವಾರ ಅವನನ್ನು ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಒಂದಾದ ಮೇಲೊಂದು ಗಾಜು ಬದಲಿಸಿ, "ಈಗ ದೂರದ್ದು ಚೆನ್ನಾಗಿ ಕಾಣುತ್ತಾ?" ಅಂತ ಎಷ್ಟು ಅಕ್ಕರೆಯಿಂದ ಕೇಳಿದಳೆಂದರೆ ಅವನೇ ಕಕ್ಕಾಬಿಕ್ಕಿಯಾದ.

"ಏನತ್ತಿಗೆ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ಭಾನುವಾರ ಸಿನಿಮಾ ನೋಡ್ಬೇಕಲ್ಲಪ್ಪ. ಒಂದು ಕೂದಲೆಳೆಯೂ ತಪ್ಪಬಾರದು," ಅಂದಳು.

ಸಿನಿಮಾ ಅಂದರೆ ಬೇರೇನಲ್ಲ. ಮೂವತ್ತೈದು ವರ್ಷದ ಹಿಂದೆ ಊರಾಚೆಯ ಮೈದಾನದಲ್ಲಿ ಆ ರಾಕ್ ಬ್ಯಾಂಡು ಹಾಡಿತ್ತಲ್ಲ, ಅದನ್ನು ಯಾರೋ ಪುಣ್ಯಾತ್ಮ ಚಿತ್ರೀಕರಿಸಿ ಮರೆತುಬಿಟ್ಟಿದ್ದ. ಆ ರೀಲು ಈಗ ಸಿಕ್ಕಿತ್ತು. ಆವತ್ತು ಅಲ್ಲಿದ್ದವರದ್ದೇ ಒಂದು ಸಂಘವಿದೆ, ಅದಕ್ಕೆ ತಂಗಿಯ ಗಂಡನೇ ಅಧ್ಯಕ್ಷ. ಎಲ್ಲರೂ ಅವನನ್ನು ಗಡ್ಡ ಅಂತಲೇ ಕರೆಯುವುದು. ಗಡ್ಡ ಹೋಗಿ ಇಪ್ಪತ್ತು ವರ್ಷವಾಯಿತು, ಹೆಸರು ಮಾತ್ರ ಅಂಟಿಕೊಂಡಿದೆ.

ಗಡ್ಡನ ಕಥೆ ಸಂಘದವರಿಗೆಲ್ಲ ಬಾಯಿಪಾಠ. ಬಾಗಿಲಲ್ಲಿ ನೂಕುನುಗ್ಗಲಾಯಿತು, ಕಬ್ಬಿಣದ ಬೇಲಿ ಅಕ್ಕನ ಕಾಲಿನ ಮೇಲೆ ಬಿತ್ತು, ಜೊತೆಗೆ ಹೋಗಿದ್ದ ಗಡ್ಡ ಅವಳನ್ನು ಎತ್ತಿಕೊಂಡು ಡಾಕ್ಟರ ಡೇರೆಗೆ ಓಡಿದ, ಜೀವಮಾನದ ಕನಸಾಗಿದ್ದ ಹಾಡುಗಳನ್ನೆಲ್ಲ ಬಿಟ್ಟು ಕೊನೆಯವರೆಗೂ ಅವಳ ಕೈ ಹಿಡಿದು ಕೂತ. ಆಹಾ, ಎಂಥ ತ್ಯಾಗ!

ನಿಜ ಏನೆಂದರೆ, "ನೀರು ತರ್ತೀನಿ, ಇಲ್ಲೇ ಇರು" ಅಂದು ಹೋದವನು ವಾಪಸ್ಸೇ ಬರಲಿಲ್ಲ. ಇಲ್ಲೇ ಇರು ಅಂತೆ! ಮುರಿದ ಕಾಲಿಟ್ಟುಕೊಂಡು ಅವಳು ಎಲ್ಲಿಗೆ ಹೋಗುತ್ತಿದ್ದಳು? ಗುರುತಿಲ್ಲದ ಇಬ್ಬರು ಅವಳನ್ನು ಡೇರೆಗೆ ಹೊತ್ತು ಹಾಕಿದರು. ಹಲ್ಲು ಕಚ್ಚಿಕೊಂಡು, ಬಟ್ಟೆಯ ಗೋಡೆಯಾಚೆಯಿಂದ ಅವಳು ಅಷ್ಟೂ ಹಾಡು ಕೇಳಿದಳು. ಆಸ್ಪತ್ರೆಯಲ್ಲಿ ಎಚ್ಚರವಾಗುವ ಹೊತ್ತಿಗೆ ಗಡ್ಡ ಅಪ್ಪನ ಮುಂದೆ ಕಥೆ ಕಟ್ಟಿ ಮುಗಿಸಿದ್ದ. ಇವಳು ಅದು ಸುಳ್ಳು ಅಂದಾಗ ಅಪ್ಪ, "ನೋವಲ್ಲಿ ನಿನಗೆ ಏನೇನೋ ಕಂಡಿದೆ ಮಗಳೇ" ಅಂದುಬಿಟ್ಟರು. ಅವನನ್ನು ಮದುವೆಯಾಗುವ ಮಾತು ಬಂದಾಗ ಇವಳು ಸುತರಾಂ ಒಲ್ಲೆ ಅಂದಳು. ಇಂಥ ಹುಡುಗ ಕೈತಪ್ಪಬಾರದು ಅಂತ ಅಪ್ಪ ಅವನಿಗೆ ಕಿರಿಯವಳನ್ನು ಕೊಟ್ಟರು.

ಆಮೇಲೆ ಇವಳು ಬಾಯಿ ಬಿಡಲಿಲ್ಲ. ಪಾಪ, ತಂಗಿಗೇನು ಗೊತ್ತು? ಆವತ್ತು ಜ್ವರ ಅಂತ ಮನೆಯಲ್ಲಿ ಮಲಗಿದ್ದ ಹುಡುಗಿ. ಅವಳ ಸಂಸಾರ ಕೆಡಬಾರದು ಅಂತ ಅಕ್ಕ ಮೂವತ್ತೈದು ವರ್ಷ ಆ ಮನೆಯಲ್ಲಿ ಉಂಡಳು, ನಕ್ಕಳು, ಒಳಗೊಳಗೇ ಕುದ್ದಳು. ಕುಂಟು ಕಾಲು ಅವಳದು, ಶಹಭಾಸ್‌ಗಿರಿ ಅವನದು.

ಕನ್ನಡಕ ಮಾಡಿಕೊಡುವ ಎರಡು ದಿನ ಮುಂಚೆ, ಎಲ್ಲರೂ ಸೂಜಿ ಅನ್ನುವ ರೆಕಾರ್ಡಂಗಡಿಯವನು ಕಣ್ಣು ತೋರಿಸಲು ಬಂದಾಗ, ರೀಲಿನ ಒಂದು ತುಣುಕನ್ನು ಫೋನಿನಲ್ಲಿ ತೋರಿಸಿದ. ವೇದಿಕೆಯ ಮುಂದೆ ಬಾಯಿ ತೆರೆದು ಅರಚುತ್ತಿದ್ದ ಗಡ್ಡದ ಮುಖವೊಂದು ಮಿಂಚಿ ಮಾಯವಾಯಿತು. ಸೂಜಿಗೆ ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಸಂಸಾರ ಕೆಟ್ಟರೆ ಕೆಡಲಿ, ಸಾಕು ಅನ್ನಿಸಿತು.

ಭಾನುವಾರ ಮಧ್ಯಾಹ್ನ ತಂಗಿ ತಲೆನೋವು ಅಂದಳು. "ನಾನು ಆವತ್ತು ಇರಲೇ ಇಲ್ಲ, ನೋಡೋದಕ್ಕೇನಿದೆ?" ಅಂದಳು. ಅಕ್ಕ ಬಿಡಲಿಲ್ಲ, ಎಳೆದುಕೊಂಡೇ ಬಂದಳು.

ಸೂಜಿಯ ಅಂಗಡಿಯ ಮಹಡಿ ಕಿಕ್ಕಿರಿದಿತ್ತು. ಗಿಟಾರಿನ ತಂತಿ ಮೂರನೇ ಹಾಡಿಗೆ ಹರಿದಿದ್ದೋ ನಾಲ್ಕನೆಯದಕ್ಕೋ ಅಂತ ಇಬ್ಬರು ಅಜ್ಜಂದಿರು ಜಗಳಕ್ಕೇ ನಿಂತಿದ್ದರು. ತಾನು ಎಸೆದ ಟೋಪಿಯನ್ನು ಗಾಯಕ ಹಾಕಿಕೊಂಡ ಅಂತ ಒಬ್ಬ ಕೊಚ್ಚಿಕೊಂಡರೆ, "ಬಿಡೋ ಮಾರಾಯ, ಆ ಟೋಪಿ ನಂದು" ಅಂತ ಇನ್ನೊಬ್ಬ. ಅಕ್ಕ ಎದ್ದು ನಿಂತಳು.

"ಸಿನಿಮಾಕ್ಕೆ ಮುಂಚೆ ಅಧ್ಯಕ್ಷರು ತಮ್ಮ ಕಥೆ ಹೇಳಲಿ. ಮೊದಲಿಂದ, ಒಂದೂ ಬಿಡದೆ."

ಗಡ್ಡನಿಗೆ ಅಷ್ಟೇ ಸಾಕಿತ್ತು. ಉಪ್ಪು ಖಾರ ಹಚ್ಚಿ ಹೇಳಿದ. ಡೇರೆ, ಹಿಡಿದ ಕೈ, ಕೇಳದೆ ಉಳಿದ ಹಾಡುಗಳು, ಎಲ್ಲ ಬಂತು. ಚಪ್ಪಾಳೆ ಬಿತ್ತು. ಅಕ್ಕ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಆಮೇಲೆ ತಂಗಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಎಷ್ಟಾದರೂ ಒಡಹುಟ್ಟಿದವಳು, ಏಟು ಬೀಳುವಾಗ ಯಾರಾದರೂ ಹಿಡಿದುಕೊಳ್ಳಬೇಕು.

ಪರದೆಯ ಮೇಲೆ ಮೈದಾನ ಬಂತು, ಸಾವಿರಾರು ತಲೆ ಬಂದವು. "ಅಯ್ಯೋ, ನನ್ನ ಕೂದಲು ನೋಡ್ರೋ!" ಅಂತ ಒಬ್ಬ ಬೋಳುತಲೆಯವನು ಗೋಳಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕ್ಯಾಮೆರಾ ಮುಂದಿನ ಸಾಲಿಗೆ ಬಂದು ನಿಂತಿತು.

"ಏ ಗಡ್ಡ! ನೀನೇ ಅಲ್ವೇನೋ?" ಅಂದ ಸೂಜಿ, ಖುಷಿಯಿಂದ. ಮರುಕ್ಷಣವೇ ಅವನ ದನಿ ಇಳಿಯಿತು. "ಮತ್ತೆ... ಡೇರೆ?"

ನಗು ನಿಂತಿತು. ಕುರ್ಚಿಗಳು ಕಿರುಗುಟ್ಟಿದವು, ಒಬ್ಬೊಬ್ಬರೇ ಗಡ್ಡನ ಕಡೆ ತಿರುಗಿದರು. ಅವನು ಹೊಸ ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಪ್ಪ, ಚೆನ್ನಾಗಿ ಒರೆಸು! ಅಕ್ಕನಿಗೆ ಹೊಟ್ಟೆ ತಣ್ಣಗಾಯಿತು. ಇನ್ನೊಂದು ಗಳಿಗೆ ಸುಖಪಡೋಣ ಅಂತ ಪರದೆಯ ಕಡೆ ತಿರುಗಿದಳು.

ಕ್ಯಾಮೆರಾ ಮೇಲಕ್ಕೆ ಏರುತ್ತಿತ್ತು. ಗಡ್ಡನ ಹೆಗಲ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಕೂದಲು ಬಿಚ್ಚಿ, ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಆ ಮುಖದ ಪಕ್ಕದಲ್ಲೇ ಅಕ್ಕ ಹದಿನೇಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದಳು.

ಅಕ್ಕ ತಿರುಗಿ ತಂಗಿಯ ಮುಖ ನೋಡಿದಳು.

ತಂಗಿ ಅವಳ ಕಿವಿಗೆ ಬಾಗಿದಳು. "ಅಕ್ಕಾ, ನಿಲ್ಲಿಸೋಕೆ ಹೇಳು, ನಿನ್ನ ದಮ್ಮಯ್ಯ. ಅವರು ನೀರಿಗೇ ಬಂದಿದ್ರು. ನಾನು ಕದ್ದು ಬಂದಿದ್ದೆ, ನಲ್ಲಿ ಹತ್ರ ಸಿಕ್ಕಿದೆ. ನೀನು ಬಿದ್ದಿದ್ದೀಯ, ಬೇಗ ಹೋಗ್ಬೇಕು ಅಂದ್ರು. ಅಕ್ಕನ್ನ ಯಾರಾದ್ರೂ ನೋಡ್ಕೋತಾರೆ ಬಾ ಅಂತ ನಾನೇ ಕೈ ಹಿಡಿದು ಎಳ್ಕೊಂಡು ಹೋದೆ."

ಅಂದರೆ ಅಷ್ಟು ವರ್ಷದ ಹಗೆಯನ್ನು ಅರೆಪಾಲು ತಪ್ಪು ಮಾಡಿದವನ ಮೇಲೆ ಸುರಿದು, ಪೂರ್ತಿ ಮಾಡಿದವಳನ್ನು ಮಡಿಲಲ್ಲಿ ಕಟ್ಟಿಕೊಂಡಂತಾಯಿತು. ಈ ತಂಗಿಯ ಮಕ್ಕಳಿಗೆ ಸ್ನಾನ ಮಾಡಿಸಿದ್ದಳು. ಇವಳ ಮಗ್ಗುಲಲ್ಲಿ ಕೂತು ಕಣ್ಣೀರು ಒರೆಸಿದ್ದಳು. ಇವಳಿಗೋಸ್ಕರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಪಾಪದ ಹುಡುಗಿಯಂತೆ, ಪಾಪದ ಹುಡುಗಿ!

ಅಕ್ಕ ಆ ಕೈ ಬಿಡಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದು ತಾನೂ ಎದ್ದಳು, ತಂಗಿಯನ್ನೂ ಎಬ್ಬಿಸಿ ನಿಲ್ಲಿಸಿದಳು. ಸದ್ದು ನಿಲ್ಲಿಸು ಅಂತ ಸೂಜಿಗೆ ಸನ್ನೆ ಮಾಡಿದಳು.

"ಈಗ ಅದನ್ನೇ ಜೋರಾಗಿ ಹೇಳು," ಅಂದಳು. "ಹಿಂದೆ ಕೂತವರಿಗೆ ಕೇಳಿಸಲಿಲ್ಲ."