ನಡುಬೆನ್ನಿಗೆ ಎಟುಕದ ಬ್ರಷ್ಷು

ಎರಡು ಸಾವಿರದ ಎಂಟರ ಜನವರಿ. ದೆಹಲಿಯ ಆರ್.ಕೆ.ಪುರಂನ ತಮ್ಮ ಹೋಟೆಲಿನಲ್ಲಿ ಸಂಕಪ್ಪ ಕಾವಲಿಯ ಮೇಲೆ ದೋಸೆ ಹುಯ್ದಿದ್ದರು. ಆಸ್ಪತ್ರೆಯಿಂದ ಮಗಳು ಮೋನಿಷಾಳ ಫೋನು ಬಂತು.

"ಪಪ್ಪಾ, ಮಮ್ಮಿ ಹೋದ್ರು."

"ಅಚ್ಛಾ" ಎಂದರು ಸಂಕಪ್ಪ. ದೋಸೆ ಮಗುಚಿ, ಚಟ್ನಿ ಹಾಕಿ ಗಿರಾಕಿಗೆ ಕಳಿಸಿದರು. ಕುಸಿದು ಕುಳಿತದ್ದು ಆಮೇಲೆ. ನಲವತ್ತು ವರ್ಷದ ಸಂಸಾರ ಮುಗಿದಾಗ ಮಹಾಶಯರ ಬಾಯಿಂದ ಬಂದದ್ದು ಅದೊಂದೇ ಮಾತು.

ಒಂಬತ್ತನೆಯ ದಿನ ಬಚ್ಚಲಿನಲ್ಲಿ ಹೆಂಡತಿ ಲೋಲಾಕ್ಷಿಯ ಮೈಯುಜ್ಜುವ ಬ್ರಷ್ಷು ಕಣ್ಣಿಗೆ ಬಿತ್ತು. ಅಂಗೈಗೆ ಪಟ್ಟಿ ಸಿಕ್ಕಿಸಿಕೊಳ್ಳುವಂಥದು, ಹಿಡಿಯಿಲ್ಲ. ದೆಹಲಿಯ ಚಳಿಗೆ ಅಮ್ಮನ ಚರ್ಮ ಒಡೆಯುತ್ತದೆಂದು ಮೋನಿಷಾ ತಂದುಕೊಟ್ಟಿದ್ದಳು. ಸ್ನಾನಕ್ಕೆ ಮೊದಲು, ಒಣಮೈಯನ್ನೇ ಪಾದದಿಂದ ಎದೆಯ ಕಡೆಗೆ ಮೆಲ್ಲಗೆ ಉಜ್ಜಿಕೊಳ್ಳುವುದು ಲೋಲಾಕ್ಷಿಯ ನಿತ್ಯನೇಮ.

"ಏನೂಂದ್ರೆ, ನಡುಬೆನ್ನಿಗೆ ಕೈ ಎಟುಕೋದಿಲ್ಲ, ಸ್ವಲ್ಪ ಉಜ್ಜಿ" ಎಂದರೆ, "ಎಮ್ಮೆ ಮೈ ತಿಕ್ಕೋದಕ್ಕೆ ಬೇರೆ ಆಳು ನೋಡು" ಎನ್ನುತ್ತಿದ್ದರು ಸಂಕಪ್ಪ. ನಗುತ್ತಿದ್ದವರೂ ಅವರೊಬ್ಬರೇ.

ಅವಳ ನೇಮವನ್ನಾದರೂ ನಡೆಸೋಣವೆಂದು ಈಗ ಬ್ರಷ್ಷು ಹಿಡಿದರು. ಕೈಗೆ ಗೊತ್ತಿದ್ದದ್ದು ಕಾವಲಿ ಉಜ್ಜುವ ಪಟ್ಟು ಒಂದೇ. ಮೂರು ದಿನ ಕರಕಲು ಕೆರೆಯುವಂತೆ ಕೆರೆದರು. ಮೈಯೆಲ್ಲ ಕೆಂಪು ಬರೆ.

ಹನ್ನೆರಡನೆಯ ದಿನ ಪಿಂಡ. ಗಂಡುಮಕ್ಕಳಿಲ್ಲದ್ದರಿಂದ ಸಂಕಪ್ಪನೇ ಅಂಗಿ ಕಳಚಿ ಕುಳಿತರು. ತಂಗಿ ದೇವಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿ ಭಟ್ರೇ, ಅತ್ತಿಗೆಗೋಸ್ಕರ ಅಣ್ಣ ಹೇಗೆ ಮೈ ಪರಚಿಕೊಂಡಿದ್ದಾರೆ."

"ಇಂಥ ಗಂಡ ಸಿಗೋದಕ್ಕೆ ಪುಣ್ಯ ಮಾಡಿರಬೇಕಮ್ಮಾ" ಎಂದರು ಅಶ್ವತ್ಥನಾರಾಯಣ ಭಟ್ಟರು.

ನೆಂಟರೆಲ್ಲ ತಲೆದೂಗಿದರು. ಒಂದು ಗಳಿಗೆ ಸಂಕಪ್ಪನಿಗೂ ಆ ಮಾತು ಹಿತವಾಗಿಯೇ ಇತ್ತು. ತಲೆ ಇನ್ನಷ್ಟು ತಗ್ಗಿಸಿ ಶೋಕಕ್ಕೆ ಮೆರುಗು ಕೊಟ್ಟರು. ಆದರೆ ಎದುರಿಗೆ ಎಲೆಯ ಮೇಲೆ ಅವಳಿಗೆ ಇಡಬೇಕಾದ ಪಿಂಡ. ಸುಳ್ಳು ಹೊತ್ತು ಇಟ್ಟರೆ ಅವಳಿಗೆ ಸೇರೀತೆ?

"ಶೋಕ ಅಲ್ಲ ಭಟ್ರೇ, ಬ್ರಷ್ಷು. ಅವಳದ್ದು. ಉಜ್ಜೋದಕ್ಕೆ ಬರಲಿಲ್ಲ."

ದೇವಕಿ ಅಣ್ಣನ ಬೆನ್ನ ಹಿಂದೆ ಬಾಗಿ ನೋಡಿದಳು. "ಅದಕ್ಕೇ ನಡುಬೆನ್ನಲ್ಲಿ ಮಾತ್ರ ಒಂದು ಗೀರೂ ಇಲ್ಲ. ಅಲ್ಲಿಗೆ ಕೈ ಎಟುಕಲಿಲ್ವಾ ಅಣ್ಣಾ?"

"ಎಟುಕೋದಿಲ್ಲ. ಲೋಲಾಕ್ಷಿ ಹೇಳ್ತಿದ್ದಳು. ನಾನು ನಂಬಿರಲಿಲ್ಲ."

ಮೋನಿಷಾ ನಗಲು ಹೋಗಿ ಅತ್ತುಬಿಟ್ಟಳು. ಸಂಕಪ್ಪ ಪಿಂಡವಿಟ್ಟು ಎಳ್ಳುನೀರು ಬಿಟ್ಟರು.

"ನಾರಾಯಣಾ, ಅವಳು ಉಜ್ಜಲು ಕೇಳಿದ್ದು ಬೆನ್ನಲ್ಲಿ ಅಂಗೈಯಗಲದ ಜಾಗ, ಅದನ್ನೂ ನಾನು ನಡೆಸಿಕೊಡಲಿಲ್ಲ. ಇನ್ನು ಅವಳು ಯಾರನ್ನೂ ಏನೂ ಕೇಳುವಂತಾಗದಿರಲಿ. ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡಪ್ಪಾ."