ಒಲೆ ತಿರುಗಿಸಿದ ಅಡವಯ್ಯ

ಬರಿದಾದ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಒಳಕ್ಕೆ ಬರ್ಲೇನಮ್ಮಾ?" ಎಂದು ಕೇಳಿ, ಯಾರೋ ಒಪ್ಪಿಗೆ ಕೊಟ್ಟರೆಂಬಂತೆ ತಲೆಯಾಡಿಸಿದ ಮೇಲೆಯೇ ಅಡವಯ್ಯ ಬಲಗಾಲಿಡುತ್ತಿದ್ದ. ಮಿಡಿಗೇಶಿಯ ಈ ಗಾರೆಯವನಿಗೆ ಬೇಸಿಗೆಯಲ್ಲೂ ಯಾವ ಸಿಪಾಯಿಯದೋ ಹಳೆಯ ಖಾಕಿ ಕೋಟು, ಜೇಬಿನಲ್ಲಿ ಗಂಟು ಹಾಕಿದ ಅಳತೆಯ ದಾರ. ನಡಿಗೆಯೋ ಸದ್ದೇ ಇಲ್ಲದ್ದು, ಬೆನ್ನ ಹಿಂದೆ ಬಂದು ನಿಂತನೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಆದರೂ ಮಧುಗಿರಿ ಸೀಮೆಯಲ್ಲಿ ಅಡುಗೆಮನೆಗೆ ಅವನೇ ಬೇಕು. ಒಲೆ ಎಲ್ಲಿ, ಒರಳು ಎಲ್ಲಿ, ನೀರಿನ ಗುಡಾಣ ಎಲ್ಲಿ ಎಂದು ಅವನು ಯಜಮಾನನನ್ನು ಕೇಳುತ್ತಿರಲಿಲ್ಲ. ನೆಲಕ್ಕೆಲ್ಲ ಜರಡಿ ಹಿಡಿದ ಬೂದಿ ಹರಡಿ, ಮನೆಯಾಕೆಯನ್ನು ಒಳಗೆ ಬಿಟ್ಟು, ಪಾತ್ರೆಯಿಲ್ಲದೆ ಬೆಂಕಿಯಿಲ್ಲದೆ ಒಂದು ಪೂರ್ತಿ ಅಡುಗೆ ಮಾಡಿಸುತ್ತಿದ್ದ. ಹೆಜ್ಜೆ ದಟ್ಟವಾಗಿ ಬಿದ್ದಲ್ಲಿ ತೆರಪು, ಕೈ ಚಾಚಿದಲ್ಲಿ ಗೋಡೆಗೂಡು, ಹೆಜ್ಜೆ ಬೀಳದ ಕಡೆ ಗುಡಾಣ. ಅವನು ಅಣಿಮಾಡಿದ ಅಡುಗೆಮನೆಯಲ್ಲಿ ಹೆಂಗಸರ ಸೊಂಟ ನೋಯುವುದಿಲ್ಲವೆಂಬ ಮಾತಿತ್ತು.

ಇನ್‌ಫ್ಲುಯೆಂಜಾ ಬಂದ ವರ್ಷ ನಮ್ಮತ್ತಿಗೆ ಲಕ್ಷ್ಮಕ್ಕ ತೀರಿಕೊಂಡಳು. ಮರುವರ್ಷ ನಮ್ಮಣ್ಣ ನರಸಪ್ಪ ಮದಲೂರಿನಿಂದ ಕೆಂಪಕ್ಕನನ್ನು ಮದುವೆಯಾಗಿ ತಂದ. ಆಕೆ ಒಲೆಯ ಮುಂದೆ ಕೂತದ್ದೇ ತಡ, ಗಡಿಗೆ ಜಾರಿ ಒಡೆಯುವುದು, ಮುದ್ದೆ ಗಂಟಾಗುವುದು, ಸಾರು ಚೆಲ್ಲಿ ಕಾಲು ಸುಡುವುದು. "ಸತ್ತೋಳು ಒಲೆ ಬುಟ್ಕೊಡ್ತಿಲ್ಲ" ಎಂದು ಊರೆಲ್ಲ ಗುಸುಗುಸು. ಆರು ತಿಂಗಳಿಗೆ ಅಣ್ಣ ಸೋತು, ಬರುವ ಸೋಮವಾರ ಗಾಡಿ ಕಟ್ಟಿ ಅವಳನ್ನು ತವರಿಗೆ ಬಿಟ್ಟುಬರುವುದೆಂದ. ಬಿಟ್ಟುಬಂದರೆ ಮತ್ತೆ ಕರೆತರುವ ಮಾತಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಕೆಂಪಕ್ಕನಿಗೂ. ಪಾಪ, ಅವಳ ಮುಖ ನೋಡಲಾಗದೆ ನಾನೇ ಅಡವಯ್ಯನನ್ನು ಕರೆಸಿದೆ.

ಅವನು ಎಲ್ಲರನ್ನೂ ಹೊರಗಟ್ಟಿ ಬೂದಿ ಹರಡಿದ. ನಾನು ಸ್ಕೂಲು ಮೇಷ್ಟ್ರು, ದೆವ್ವಗಿವ್ವ ನಂಬದವನು. ಹಟಕ್ಕೆ ಕದದ ಸಂದಿಯಿಂದ ನೋಡುತ್ತ ನಿಂತೆ. ಕೆಂಪಕ್ಕ ತಡವರಿಸುತ್ತಿದ್ದಳು.

"ಕಣ್ಣು ಮುಚ್ಕೊ ಕಣಮ್ಮ. ಯಾರ ಮನೆ ಅನ್ನೋದು ಮರ್ತುಬುಡು. ನಿಂಗೆ ಹಸ್ವಾಗೈತೆ, ಮಾಡ್ಕೊ."

ಕಣ್ಣು ಮುಚ್ಚಿದ್ದೇ ಹೆಜ್ಜೆ ಬದಲಾಯಿತು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಇಲ್ಲದ ನೀರು ಬಗ್ಗಿಸಿದಳು, ಇಲ್ಲದ ಹಿಟ್ಟು ಸುರಿದಳು, ಇಲ್ಲದ ಕೋಲಿನಿಂದ ಮುದ್ದೆ ತಿರುವಿದಳು, ಆ ಮನೆಯಲ್ಲೇ ಬಾಳಿ ಬದುಕಿದವಳ ಹಾಗೆ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ನನ್ನ ಮೂಗಿಗೆ ಬಡಿಯಿತು. ಒಲೆಯಲ್ಲಿ ಕಿಡಿಯೂ ಇರಲಿಲ್ಲ. ಅಯ್ಯೋ ದೇವರೇ ಎಂದು ಸಂದಿಯಿಂದ ಹಿಂದೆ ಸರಿದೆ.

ಅಡವಯ್ಯ ಹೊರಗೆ ಬಂದು ಅಣ್ಣನಿಗೆ ಹೇಳಿದ: "ತೀರ್ಕೊಂಡ ದೊಡ್ಡೋಳು ಒಲೆ ತಿರುಗ್ಸು ಅಂದವ್ಳೆ. ಎಡಗಡೆ ಗೋಡೆ ಬರಂಗೆ. ಪಕ್ಕದಾಗೆ ಒಂದು ಮಣೆಯಷ್ಟು ಜಾಗ ಖಾಲಿ ಬುಡ್ಬೇಕಂತೆ."

ಅಣ್ಣ ಅಂದೇ ಹಳೆಯ ಒಲೆ ಕೀಳಿಸಿದ. ನಾಲ್ಕೇ ದಿನದಲ್ಲಿ ಅಡುಗೆಮನೆ ಹಿಂದುಮುಂದಾಯಿತು. ಆಮೇಲೆ ಒಂದು ಕುಡಿಕೆಯೂ ಒಡೆಯಲಿಲ್ಲ. ಸೋಮವಾರ ಗಾಡಿಯನ್ನೂ ಕಟ್ಟಲಿಲ್ಲ.

ಹತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ನೀರು ಬೇಕೆಂದು ದಿಢೀರನೆ ಒಳಗೆ ಹೋದೆ. ಕೆಂಪಕ್ಕ ಎಡಗೈಯಲ್ಲಿ ಮುದ್ದೆ ತಿರುವುತ್ತಿದ್ದಳು. ಎಡಗೈಯಲ್ಲಿ ಮಾಡಿದ ಅಡುಗೆ ಹಿರಿಯರಿಗೆ ಸಲ್ಲದೆಂಬ ಮನೆ ನಮ್ಮದು. ಅದಕ್ಕೆ ಹೆದರಿ ಬಾರದ ಬಲಗೈಯಲ್ಲಿ ಆರು ತಿಂಗಳು ಒದ್ದಾಡಿದ್ದಳು, ಹೊಸ ಒಲೆ ಆ ಎಡಗೈಗೆ ಗೋಡೆಯ ಮರೆ ಕೊಟ್ಟಿತ್ತು. ನನ್ನನ್ನು ಕಂಡು ಅವಳು ಕಲ್ಲಾದಳು. ನಾನು ನೀರು ಕುಡಿದು ಸುಮ್ಮನೆ ಬಂದೆ.

ಸೀದಾ ಮಿಡಿಗೇಶಿಗೆ ಹೋಗಿ, "ಏನಯ್ಯಾ, ಸತ್ತವಳ ಹೆಸರಲ್ಲಿ ಸುಳ್ಳು ಹೇಳಿದೆಯಲ್ಲ!" ಎಂದು ಅಡವಯ್ಯನನ್ನು ರೇಗಿಸಿದೆ.

"ಎಡಗೈ ಅಂದಿದ್ರೆ ಅವತ್ತೇ ಗಾಡಿ ಕಟ್ಟೋರು ಮೇಷ್ಟ್ರೇ. ಒಲೆ ಮಾತು ನಾನು ಕಟ್ಟಿದ್ದೇಯ." ದಾರದ ಗಂಟು ಬಿಚ್ಚುತ್ತ ತಲೆಯೆತ್ತದೆ ಹೇಳಿದ: "ಮಣೆಯಷ್ಟು ಜಾಗ ಕೇಳಿದ್ದು ಮಾತ್ರ ದೊಡ್ಡೋಳೇ."

ಆ ಜಾಗವನ್ನು ನಾನು ಇಂದಿಗೂ ಸುತ್ತಿಕೊಂಡೇ ಹೋಗುತ್ತೇನೆ. ಕೆಂಪಕ್ಕ ದಿನವೂ ಮೊದಲ ತುತ್ತನ್ನು ಅಲ್ಲಿಡುತ್ತಾಳೆ, ಎಡಗೈಯಲ್ಲೇ. ಅಡವಯ್ಯನಂಥವರು ನಮ್ಮ ಮನೆಗಳನ್ನು ಅಳೆಯುವಾಗ ನಾವು ಬಾಯಿಬಿಟ್ಟು ಹೇಳಲಾರದ್ದನ್ನೂ ಅಳೆದುಕೊಂಡಿರುತ್ತಾರೆ. ಅವರ ದಾರದ ಲೆಕ್ಕದಲ್ಲಿ ಮನೆಯೊಳಗಿನ ಜನ ನಾವೆಣಿಸಿದ್ದಕ್ಕಿಂತ ಯಾವಾಗಲೂ ಒಬ್ಬರು ಹೆಚ್ಚು.